ಮೂವತ್ತೇಳನೆಯ ತಂತಿ

ತಂತಿಯಕ್ಕನಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ಎರಡು ಬೇರೆ ಬೇರೆ ಲೋಹದ ಎಳೆಗಳನ್ನು ತುದಿಯಲ್ಲಿ ಬೆಸೆದು ಆ ಬೆಸುಗೆಯನ್ನು ಬಿಸಿ ಜಾಗಕ್ಕೆ ತಾಗಿಸಿದರೆ ಎಳೆಗಳಲ್ಲಿ ಒಂದು ಚೂರು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಅಳೆದು ಅಲ್ಲಿ ಎಷ್ಟು ಬಿಸಿ ಇದೆ ಎಂದು ಹೇಳಬಹುದು. ಕಾಗದಪತ್ರಗಳಲ್ಲಿ ಇದಕ್ಕೆ ಥರ್ಮೋಕಪಲ್ ಎಂದು ಹೆಸರು. ಪ್ರಯೋಗಶಾಲೆಯಲ್ಲಿ ಮಾತ್ರ ಎಲ್ಲರಿಗೂ ಅದು ತಂತಿ. ಅದನ್ನು ಬೆಸೆಯುವವಳು ತಂತಿಯಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಅವಳು ಶಾಲೆ ಬಿಟ್ಟದ್ದು ಹದಿನೈದನೆಯ ವಯಸ್ಸಿನಲ್ಲಿ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಮೂರನೆಯ ಸಲ ಪರೀಕ್ಷೆಗೆ ಕೂರಲು ಅವಳಿಗೇ ನಾಚಿಕೆಯಾಯಿತು. ಸೋದರಮಾವನದು ಕೈಗಡಿಯಾರ ರಿಪೇರಿಯ ಅಂಗಡಿ. ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ, ಇಷ್ಟೇ. ಮಾವ ಅವಳನ್ನು ಎದುರಿಗೆ ಕೂರಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಹಿಡಿಯುವುದನ್ನು ಕಲಿಸಿದ. ಉಸಿರು ಬಿಟ್ಟರೆ ಹಾರಿಹೋಗುವಂಥವು. "ಗಡಿಯಾರ ಕೆಟ್ಟಿದೆ ಅಂತ ಹೇಳೋಕ್ ಮುಂಚೆ ನಿನ್ನ ಕಣ್ಣು ಒರೆಸ್ಕೊಂಡು ಇನ್ನೊಂದ್ಸಲ ನೋಡು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಹನ್ನೊಂದು ವರ್ಷ ಅಲ್ಲಿ ಕೂತು ಅವಳ ಕೈ ಕಲ್ಲಿನಂತೆ ನಿಂತಿತು. ಅಷ್ಟರಲ್ಲಿ ಎಲ್ಲರ ಜೇಬಿಗೂ ಫೋನು ಬಂತು, ಗಡಿಯಾರ ಕಟ್ಟುವವರು ಕಡಿಮೆಯಾದರು, ಮಾವ ಅಂಗಡಿಯ ಬಾಗಿಲು ಎಳೆದ.

ಪ್ರಯೋಗಶಾಲೆಯ ಕೆಲಸಕ್ಕೆ ಅವಳು ಹೋದ ದಿನ ಒಂಬತ್ತು ಜನ ಸಾಲಿನಲ್ಲಿದ್ದರು. ಕೂದಲೆಳೆಯಂಥ ಎರಡು ತಂತಿ ಕೊಟ್ಟು ಬೆಸೆಯಿರಿ ಎಂದರು. ಓದಿದವರ ಕೈಗಳು ನಡುಗಿದವು. ಇವಳು ಮೂರು ಬೆಸುಗೆ ಮುಗಿಸಿ ತಲೆಯೆತ್ತಿ, "ಇನ್ನೆಷ್ಟು ಮಾಡ್ಬೇಕು?" ಎಂದಳು. ಅದಾಗಿ ಇಪ್ಪತ್ತು ವರ್ಷ.

ಆ ಪ್ರಯೋಗಶಾಲೆಯ ನಡುವೆ ನಾಲ್ಕು ಮಹಡಿ ಎತ್ತರದ ಉಕ್ಕಿನ ಕೊಳವೆ ನಿಂತಿದೆ. ಎಲ್ಲರೂ ಅದನ್ನು ಒಲೆ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಇಪ್ಪತ್ತೈದು ಕಡ್ಡಿಗಳು, ಐದರಂತೆ ಐದು ಸಾಲು. ಅಣುವಿದ್ಯುತ್ ರಿಯಾಕ್ಟರಿನ ಇಂಧನದ ಕಡ್ಡಿಗಳು ಹೇಗಿರುತ್ತವೋ ಹಾಗೇ ಮಾಡಿದ್ದಾರೆ, ಆದರೆ ಒಳಗೆ ಇಂಧನ ಇಲ್ಲ; ನೀರು ಕಾಯಿಸುವ ಕಾಯ್ಲಿನಂತೆ ವಿದ್ಯುತ್ತಿನಿಂದ ಬಿಸಿಯಾಗುವ ಸುರುಳಿ ಇದೆ. ನಿಜವಾದ ರಿಯಾಕ್ಟರಿನಲ್ಲಿ ಪಂಪು ನಿಂತರೆ ಕಡ್ಡಿಗಳು ಎಷ್ಟು ಬಿಸಿಯಾಗುತ್ತವೆ ಎಂದು ನೋಡಲು ಪಂಪು ನಿಲ್ಲಿಸಿ ನೋಡುವಂತಿಲ್ಲವಲ್ಲ. ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವ ಒಂದು ತಂತ್ರಾಂಶ ಇದೆ. ಅದಕ್ಕೆ ಅವರು ಇಟ್ಟ ಹೆಸರು ಜಾಣ. ಜಾಣ ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುವುದಕ್ಕೇ ಈ ಒಲೆ. ಒಲೆಯಲ್ಲಿ ಪಂಪು ನಿಲ್ಲಿಸುತ್ತಾರೆ, ನೀರು ಇಳಿಸುತ್ತಾರೆ, ತಂತಿಗಳು ಏನು ಹೇಳುತ್ತವೆ ಎಂದು ಬರೆದುಕೊಳ್ಳುತ್ತಾರೆ. ಜಾಣನ ಲೆಕ್ಕವನ್ನು ಪಕ್ಕದಲ್ಲಿ ಇಟ್ಟು ನೋಡುತ್ತಾರೆ.

ಅಲ್ಲೊಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಒಲೆ ಹಚ್ಚುವ ಮೊದಲೇ ಜಾಣನ ಉತ್ತರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ ಮೇಡಂ ಅವರ ಕಪಾಟಿನಲ್ಲಿ ಇಡಬೇಕು. ಮೇಡಂ ಎಂದರೆ ಒಲೆಯ ವಿಭಾಗದ ಮುಖ್ಯಸ್ಥೆ; ಕಂಕುಳಲ್ಲಿ ಚಹಾ ಫ್ಲಾಸ್ಕು ಇಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಎಲ್ಲರ ಮುಂದೆ ಲಕೋಟೆ ಒಡೆಯುವುದು. ಉತ್ತರ ನೋಡಿಕೊಂಡು ಲೆಕ್ಕ ಮಾಡಿದರು ಎಂಬ ಮಾತು ಬರಬಾರದು.

ತಂತಿಯಕ್ಕನದೂ ಒಂದು ಪದ್ಧತಿ ಇತ್ತು. ತಾನು ಬೆಸೆದ ಪ್ರತಿಯೊಂದು ತಂತಿಗೂ ಅವಳ ನೋಟುಪುಸ್ತಕದಲ್ಲಿ ಒಂದು ಪುಟ. ತಂತಿ ಕೆಟ್ಟರೆ ಅದರ ಹೆಸರನ್ನು ಕೊನೆಯ ಪುಟಗಳಿಗೆ ಏರಿಸಿ, ಯಾವ ದಿನ ಹೋಯಿತು, ಯಾಕೆ ಹೋಯಿತು ಎಂದು ಬರೆಯುತ್ತಿದ್ದಳು. ಅದಕ್ಕೆ ಎಲ್ಲರೂ ಸತ್ತವರ ಪಟ್ಟಿ ಎನ್ನುತ್ತಿದ್ದರು. ಕಾರಣ ಗೊತ್ತಾಗದೆ ಒಂದು ತಂತಿಯೂ ಆ ಪಟ್ಟಿಗೆ ಹೋಗಿರಲಿಲ್ಲ. ತಪ್ಪು ತನ್ನದಾಗಿದ್ದರೆ 'ನನ್ನ ಕೈ' ಎಂದು ಬರೆಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಹಾಗೆ ಬರೆದದ್ದು ಏಳು ಸಲ.

ಈ ಸಲದ ಪ್ರಯೋಗ ಹೊಸದು. ಇಲ್ಲಿಯವರೆಗೆ ಇಪ್ಪತ್ತೈದು ಕಡ್ಡಿಗಳನ್ನೂ ಒಂದೇ ಸಮ ಬಿಸಿ ಮಾಡುತ್ತಿದ್ದರು. ಮೊದಲ ಬಾರಿಗೆ ಒಂದು ಮೂಲೆಯ ಮೂರು ಕಡ್ಡಿಗಳನ್ನು ಉಳಿದವಕ್ಕಿಂತ ಹೆಚ್ಚು ಬಿಸಿ ಮಾಡಿದರು. ನಲವತ್ತೆಂಟು ತಂತಿಗಳಲ್ಲಿ ನಲವತ್ತಾರು ನಡುಸಾಲಿನ ಕಡ್ಡಿಗಳ ಮೇಲೆ ಬೇರೆ ಬೇರೆ ಎತ್ತರದಲ್ಲಿದ್ದವು. ಎಡ ಬಲದ ಎರಡು ಮೂಲೆಗಳಿಗೆ ಒಂದೊಂದು: ಮೂವತ್ತಾರು ಮತ್ತು ಮೂವತ್ತೇಳು. ಮೂವತ್ತಾರು ಮೊದಲ ದಿನದ ಬಿಸಿಗೇ ಸತ್ತಿತ್ತು. ಪಟ್ಟಿಯಲ್ಲಿ 'ಹೊದಿಕೆಯಲ್ಲಿ ಬಿರುಕು' ಎಂದು ಬರೆದಾಗಿತ್ತು.

ಬೆಳಿಗ್ಗೆ ಹತ್ತಕ್ಕೆ ಶುರುವಾದ ಪ್ರಯೋಗ ನಲವತ್ತು ನಿಮಿಷದಲ್ಲಿ ಮುಗಿಯಿತು. ಮೇಡಂ ಕತ್ತರಿಯಿಂದ ಲಕೋಟೆ ಕತ್ತರಿಸಿದರು. ಜಾಣನ ಗೆರೆಗಳನ್ನು ಪರದೆಯ ಮೇಲೆ ತಂತಿಗಳ ಗೆರೆಗಳ ಜೊತೆಗಿಟ್ಟರು. ನಲವತ್ತಾರು ಗೆರೆಗಳು ಜೋಡಿ ಚಪ್ಪಲಿಯಂತೆ ಒಟ್ಟಿಗೇ ಹೋದವು. ಕೋಣೆಯಲ್ಲಿ ಚಪ್ಪಾಳೆ. ಮೂವತ್ತೇಳು ಬಂದಾಗ ಚಪ್ಪಾಳೆ ನಿಂತಿತು. ಜಾಣ ಮುನ್ನೂರ ಎಪ್ಪತ್ತೊಂದು ಡಿಗ್ರಿ ಎಂದಿದ್ದ. ತಂತಿ ನಾನೂರ ಹನ್ನೆರಡು ಎನ್ನುತ್ತಿತ್ತು.

ಜಾಣನನ್ನು ಮೂರು ವರ್ಷದಿಂದ ಸಾಕಿದವನು ಲೆಕ್ಕದ ಸರ್. ಕಿವಿಯ ಮೇಲೊಂದು ಪೆನ್ನು, ಆ ಪೆನ್ನನ್ನೂ ಮುಚ್ಚುವಷ್ಟು ಕೂದಲು. ಒಳ್ಳೆಯ ಮನುಷ್ಯ. ಅವನು ಮೆಲ್ಲಗೆ ಹೇಳಿದ, "ಅಕ್ಕ, ಬೇಜಾರು ಮಾಡ್ಕೋಬೇಡಿ. ನಲವತ್ತಾರು ಜನ ಒಂದೇ ಹಾಡು ಹಾಡ್ತಿದ್ದಾರೆ, ಇವನೊಬ್ಬ ಬೇರೆ ರಾಗ ತೆಗೀತಿದ್ದಾನೆ. ಇವನ ಗಂಟಲೇ ಕೆಟ್ಟಿರ್ಬೇಕು."

"ಬೇರೆ ರಾಗ ತೆಗೆಯೋಕೂ ಏನೋ ಕಾರಣ ಇರತ್ತಲ್ಲ ಸರ್?" ಎಂದಳು ತಂತಿಯಕ್ಕ.

"ಅವನ ಜೋಡಿ ಮೂವತ್ತಾರು ಸತ್ತೇ ಹೋಯ್ತು. ಇವನಿಗೂ ಅದೇ ಕಾಯಿಲೆ ಅಂಟಿರ್ಬಹುದು."

ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದರು, "ನಾಳೆ ಮಧ್ಯಾಹ್ನ ಮೂರಕ್ಕೆ ವರದಿ ಮುಗಿಸ್ಬೇಕು. ಅಷ್ಟರೊಳಗೆ ಕಾರಣ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಮೂವತ್ತೇಳನ್ನ ಹೊಡೆದುಹಾಕಿ ನಿನ್ನ ಸತ್ತವರ ಪಟ್ಟಿಗೆ ಸೇರಿಸ್ಕೊಂಡುಬಿಡು."

"ಕಾರಣ ಅಂತ ಏನು ಬರೀಲಿ ಮೇಡಂ?"

"ಗೊತ್ತಿಲ್ಲ ಅಂತ ಬರಿ."

ಆ ಮಾತು ಅವಳ ಎದೆಗೆ ನಾಟಿತು. ಗೊತ್ತಿಲ್ಲ ಎಂದು ಅವಳು ಯಾವತ್ತೂ ಬರೆದಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ತಂತಿ ನಿಜ ಹೇಳುತ್ತಿದ್ದು ಅದರ ಬಾಯಿ ಮುಚ್ಚಿಸಿದರೆ, ಜಾಣ ನಲವತ್ತು ಡಿಗ್ರಿ ತಪ್ಪು ಇಟ್ಟುಕೊಂಡೇ ಪಾಸಾಗಿಬಿಡುತ್ತಾನೆ. ನಾಳೆ ನಿಜವಾದ ರಿಯಾಕ್ಟರಿನವರು ಅವನ ಮಾತು ನಂಬುತ್ತಾರೆ.

ಮಧ್ಯಾಹ್ನವೆಲ್ಲ ಅವಳು ಮೂವತ್ತೇಳರ ನಾಡಿ ಹಿಡಿದು ಕೂತಳು. ತಂತಿಯ ಆಚೆ ತುದಿಯಿಂದ ಈಚೆ ತುದಿಯವರೆಗೆ ವಿದ್ಯುತ್ತು ಹರಿಸಿ ನೋಡಿದಳು. ಹೊದಿಕೆಗೆ ಎಲ್ಲಾದರೂ ತಾಗುತ್ತಿದೆಯೇ ಎಂದು ನೋಡಿದಳು. ಒಲೆ ತಣ್ಣಗಾದ ಮೇಲೆ ಉಳಿದ ತಂತಿಗಳ ಜೊತೆ ಹೋಲಿಸಿದಳು. ಎಲ್ಲವೂ ಇಪ್ಪತ್ತಾರು ಎಂದರೆ ಇದೂ ಇಪ್ಪತ್ತಾರು ಎಂದಿತು. ಮಾವನನ್ನು ನೆನೆದು ಕಣ್ಣು ಒರೆಸಿಕೊಂಡು ಇನ್ನೊಂದು ಸಲ ಎಲ್ಲವನ್ನೂ ಮಾಡಿದಳು. ತಂತಿ ಗಟ್ಟಿಮುಟ್ಟಾಗಿತ್ತು. ಕೊನೆಗೆ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಳು. ವಿದ್ಯುತ್ತಿನವರ ನಕ್ಷೆಯಲ್ಲಿ ಹೆಚ್ಚು ಬಿಸಿಯಾಗುವ ಮೂಲೆ ಬಲಕ್ಕಿತ್ತು. ಅವಳ ನಕ್ಷೆಯಲ್ಲಿ ಮೂವತ್ತೇಳು ಎಡಕ್ಕಿತ್ತು. ತಣ್ಣಗಿನ ಮೂಲೆಯ ತಂತಿ ಯಾಕೆ ಇಷ್ಟು ಬಿಸಿ ಹೇಳಬೇಕು? ಅವಳಿಗೂ ತೋಚಲಿಲ್ಲ.

ಸಂಜೆ ಐದೂವರೆಗೆ ಕೆಲಸ ಬಿಟ್ಟು ಅವಳು ಗಂಡನ ಅಂಗಡಿಗೆ ಹೋದಳು. ಗಂಡ ಕ್ಷೌರಿಕ. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಸಂಜೆ ಹೊತ್ತು ಅತ್ತೆಯೂ ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಬಂದವರ ತಲೆಗಳ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದರು.

"ಏನೇ, ಮುಖ ಇಷ್ಟುದ್ದ ಮಾಡ್ಕೊಂಡಿದ್ದೀಯ?" ಎಂದರು ಅತ್ತೆ.

"ಒಂದು ತಂತಿ ಅತ್ತೆ. ಸರಿಯಾಗೇ ಇದೆ, ಆದ್ರೂ ಯಾರೂ ನಂಬ್ತಿಲ್ಲ."

"ನನ್ನ ಮಗ ಎರಡು ದಿನ ಮನೆಗೆ ಬರ್ದಿದ್ರೂ ನಿನಗೆ ಇಷ್ಟು ಚಿಂತೆ ಆಗಲ್ಲ."

"ಅವರು ಎಲ್ಲಿದ್ದಾರೆ ಅಂತ ನಂಗೆ ಗೊತ್ತಿರತ್ತಲ್ಲ ಅತ್ತೆ" ಎಂದಳು. ಕತ್ತರಿ ಆಡಿಸುತ್ತಿದ್ದ ಗಂಡ ಕನ್ನಡಿಯಲ್ಲೇ ಅವಳನ್ನು ನೋಡಿ ನಕ್ಕ.

ಕುರ್ಚಿಯಲ್ಲಿದ್ದ ಗಿರಾಕಿ ಒಬ್ಬ ದರ್ಜಿ. ಫೋನಿನಲ್ಲಿ ಯಾವನೋ ಚೆಲುವನ ಫೋಟೋ ತೋರಿಸಿ, "ಇದೇ ಥರ ಬೈತಲೆ ತೆಗೀರಿ. ನೋಡಿ, ಎಡಕ್ಕಿದೆ" ಎಂದ.

"ಎಡಕ್ಕೆ ಕಾಣತ್ತೆ, ಇರೋದು ಬಲಕ್ಕೆ" ಎಂದ ಗಂಡ. "ಫೋಟೋದವನು ನಿಮ್ಮ ಕಡೆ ಮುಖ ಮಾಡ್ಕೊಂಡಿದ್ದಾನೆ. ನಾನು ನಿಂತಿರೋದು ನಿಮ್ಮ ಬೆನ್ನ ಹಿಂದೆ. ಕಸುಬು ಕಲಿಯೋವಾಗ ಇದು ಗೊತ್ತಿಲ್ದೆ ಒಬ್ಬ ಮದುಮಗನಿಗೆ ಅಪೋಸಿಟ್ ಕಡೆ ಬೈತಲೆ ತೆಗೆದು ಏಟು ತಿಂದಿದ್ದೀನಿ."

"ಆ ಮದುಮಗ ಬೇರೆ ಯಾರೂ ಅಲ್ಲ, ಇವನ ಅಣ್ಣಾನೇ" ಎಂದರು ಅತ್ತೆ. "ಮದುವೆ ಫೋಟೋದಲ್ಲೆಲ್ಲ ಹಸು ನೆಕ್ಕಿದ ಹಾಗಿದ್ದಾನೆ."

ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ತಂತಿಯಕ್ಕ ನಗಲಿಲ್ಲ. ಬೆಂಚಿನಿಂದ ಎದ್ದು ನಿಂತಿದ್ದಳು. ಎದುರಿನಿಂದ ನೋಡುವವನು, ಹಿಂದಿನಿಂದ ನೋಡುವವನು. ವಿದ್ಯುತ್ತಿನವರು ಕಡ್ಡಿಗಳಿಗೆ ಕೇಬಲ್ ಹಾಕುವುದು ಒಲೆಯ ತಲೆಯ ಮೇಲೆ ನಿಂತು. ಅವಳು ತಂತಿ ಕೂರಿಸುವುದು ಒಲೆಯ ಕೆಳಗಿನ ಗುಂಡಿಯಲ್ಲಿ, ಗಾಲಿ ಹಲಗೆಯ ಮೇಲೆ ಅಂಗಾತ ಮಲಗಿ. ಇಪ್ಪತ್ತು ವರ್ಷದಲ್ಲಿ ಅವಳು ಆ ಕಡ್ಡಿಗಳ ಹೊಟ್ಟೆಯನ್ನು ನೋಡಿದ್ದಳೇ ಹೊರತು ತಲೆಯನ್ನು ಒಮ್ಮೆಯೂ ನೋಡಿರಲಿಲ್ಲ.

"ನಿಮ್ಮಣ್ಣನಿಗೆ ಪುಣ್ಯ ಬರ್ಲಿ ಕಣ್ರೀ!" ಎಂದು ಗಂಡನಿಗೆ ಹೇಳಿ ಕೂತಳು, ಮತ್ತೆ ಎದ್ದಳು.

"ನನಗೆ ಬಿದ್ದ ಏಟಿಗೆ ಅವನಿಗೆ ಪುಣ್ಯಾನಾ?" ಎಂದ ಗಂಡ.

ಮರುದಿನ ಬೆಳಿಗ್ಗೆ ಎಂಟಕ್ಕೇ ಅವಳು ಉಗ್ರಾಣದ ಕಬ್ಬಿಣದ ಕಪಾಟು ತೆರೆಸಿ ತನ್ನ ತಂತಿಗಳ ಮೂಲ ನಕ್ಷೆ ಹುಡುಕಿದಳು. ಎಲ್ಲರೂ ಬಳಸುತ್ತಿದ್ದದ್ದು ಅದರ ಜೆರಾಕ್ಸ್ ಪ್ರತಿ. ಮೂಲದ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಕೆಳಗಿನಿಂದ ನೋಡಿದಂತೆ' ಎಂದಿತ್ತು. ಜೆರಾಕ್ಸಿನಲ್ಲಿ ಆ ಅಂಚು ಬಂದಿರಲೇ ಇಲ್ಲ. ಯಾಕೆ ಹೀಗೆ ಬರೆದರು ಎಂದು ಕೇಳಲು ಅವಳು ನಿವೃತ್ತನಾದ ನಕ್ಷೆ ತಾತನಿಗೆ ಫೋನು ಮಾಡಿದಳು. ಆ ನಕ್ಷೆ ಬರೆದವನು ಅವನೇ.

"ಯಾಕೆ ಅಂತ ನನ್ನ ಕೇಳ್ತೀಯಾ?" ತಾತ ಕೆಮ್ಮುತ್ತ ನಕ್ಕ. "ಹನ್ನೆರಡು ವರ್ಷದ ಹಿಂದೆ ನೀನೇ ತಾನೇ ಬಂದು ಗೋಗರೆದದ್ದು? 'ತಾತ, ಮಲಗಿದ್ರೆ ಎಡ ಬಲ ಅದಲು ಬದಲಾಗತ್ತೆ, ನನ್ನ ಕಣ್ಣಿಗೆ ಕಾಣೋ ಹಾಗೇ ಬರ್ಕೊಡಿ' ಅಂತ. ನಿನಗೋಸ್ಕರ ಇಡೀ ಹಾಳೆ ಮತ್ತೆ ಬರೆದೆ ತಾಯಿ. ಒಂದು ಲೋಟ ಚಹಾನೂ ಕೊಡ್ಸಲಿಲ್ಲ."

ತಂತಿಯಕ್ಕ ಫೋನು ಇಟ್ಟು ನಕ್ಷೆಯನ್ನು ಬೆಳಕಿಗೆ ಹಿಡಿದಳು. ಎಲ್ಲ ಕಡ್ಡಿಗಳನ್ನೂ ಒಂದೇ ಸಮ ಬಿಸಿ ಮಾಡುತ್ತಿದ್ದಷ್ಟು ದಿನ ಎಡ ಯಾವುದು, ಬಲ ಯಾವುದು ಎಂದು ಯಾರಿಗೂ ಬೇಕಾಗಿರಲಿಲ್ಲ. ನಡುಸಾಲಿಗಂತೂ ಯಾವ ಕಡೆಯಿಂದ ನೋಡಿದರೂ ಅದೇ ಜಾಗ. ಈ ಪ್ರಯೋಗದಲ್ಲಿ ಮಾತ್ರ, ಈ ಒಂದೇ ತಂತಿಗೆ, ಹನ್ನೆರಡು ವರ್ಷದ ಹಳೆಯ ಉಪಕಾರ ಕಾಲಿಗೆ ತೊಡರಿಕೊಂಡಿತ್ತು. ಅದನ್ನು ಬೇಡಿಕೊಂಡವಳು ತಾನೇ.

ಮೇಡಂ ಅವರ ಕೋಣೆಯಲ್ಲಿ ಅವಳು ಮೊದಲು ಅದನ್ನೇ ಹೇಳಿದಳು. "ನಕ್ಷೆ ಹಾಗೆ ಬರೆಸಿದ್ದು ನಾನು. ಬರೆಸಿದ್ದು ಮರೆತವಳೂ ನಾನೇ. ಮೂವತ್ತೇಳು ಇರೋದು ಬಿಸಿ ಮೂಲೇಲಿ. ಸರ್ ಅದನ್ನ ತಣ್ಣನೆ ಮೂಲೇಲಿ ಇದೆ ಅಂತ ಜಾಣನಿಗೆ ಹೇಳಿದ್ದಾರೆ."

ಲೆಕ್ಕದ ಸರ್ ಮೂಲ ನಕ್ಷೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದ. "ಅಂದ್ರೆ ತಂತೀನೂ ಸರಿ, ಜಾಣನೂ ಸರಿ. ಕೇಳೋಕೆ ಚೆನ್ನಾಗಿದೆ ಅಕ್ಕ, ನನಗೂ ಇದೇ ಬೇಕು. ಅದಕ್ಕೇ ಭಯ. ಈಗ ನಾನು ಮೂಲೆ ಬದಲಾಯಿಸಿ, ಲೆಕ್ಕ ಸರಿ ಬಂತು ಅಂದ್ರೆ, ಉತ್ತರ ನೋಡ್ಕೊಂಡು ಮಾಡ್ದ ಅನ್ನಲ್ವಾ?"

"ಅಂದೇ ಅಂತಾರೆ" ಎಂದರು ಮೇಡಂ. "ಅನ್ನೋರಲ್ಲಿ ನಾನೇ ಮೊದಲನೆಯವಳು."

"ಹಾಗಾದ್ರೆ ಒಲೆಯನ್ನೇ ಕೇಳೋಣ" ಎಂದಳು ತಂತಿಯಕ್ಕ. "ನೀರು ತಣ್ಣಗಿದೆ. ಬಿಸಿ ಮೂಲೆಯ ಒಂದೇ ಒಂದು ಕಡ್ಡಿ ಹಚ್ಚಿ, ಸ್ವಲ್ಪ ಹೊತ್ತು. ಮೊದಲು ಎದ್ದೇಳೋದು ಯಾವ ತಂತಿ ಅಂತ ನೋಡಿ."

ಮೇಡಂ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಡ್ರಾಯರಿನಿಂದ ಎರಡು ಲಕೋಟೆ ತೆಗೆದು ಇಬ್ಬರ ಮುಂದೆಯೂ ಇಟ್ಟರು. "ಪದ್ಧತಿ ಪದ್ಧತೀನೇ. ಹಚ್ಚೋಕ್ ಮುಂಚೆ ಬರೆದಿಡಿ. ಇಬ್ಬರೂ."

"ನಾನಾ ಮೇಡಂ?" ಎಂದಳು ಅವಳು. ಆ ಲಕೋಟೆಗಳಲ್ಲಿ ಬರೆಯುವವರು ದೊಡ್ಡ ದೊಡ್ಡ ಓದು ಓದಿದವರು. ಅವಳು ಗಣಿತದಲ್ಲಿ ಎರಡು ಸಲ ಕೂತು ಎದ್ದವಳು.

"ನೀನೇ. ಅಂದಾಜು ನಿನ್ನದು ತಾನೇ?"

ಲೆಕ್ಕದ ಸರ್ ಕಿವಿಯ ಮೇಲಿನ ಪೆನ್ನು ತೆಗೆದು ಅವಳಿಗೇ ಕೊಟ್ಟ. ಅವಳು ಗೋಡೆಯ ಕಡೆ ತಿರುಗಿ, ಕೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಬರೆಯುವ ಹುಡುಗಿಯಂತೆ ಬರೆದಳು. ಬರೆದದ್ದನ್ನು ಎರಡು ಸಲ ಓದಿದಳು. ಮಡಚಿ ಒಳಗಿಟ್ಟಳು. ಮೇಡಂ ಅರಗು ಕಾಯಿಸಿ ಮುದ್ರೆ ಒತ್ತಿದರು.

ಹನ್ನೊಂದು ಗಂಟೆಗೆ ಒಂದೇ ಒಂದು ಕಡ್ಡಿ ಹಚ್ಚಿದರು. ಪರದೆಯ ಮೇಲೆ ನಲವತ್ತೇಳು ಗೆರೆಗಳು ಚಾಪೆ ಹಾಸಿದಂತೆ ಮಟ್ಟಸವಾಗಿ ಮಲಗಿದ್ದವು. ಹತ್ತು ಸೆಕೆಂಡು. ಇಪ್ಪತ್ತು. ತಂತಿಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಗಿದಿದ್ದಳು; ಬೆರಳು ಬೆಳ್ಳಗಾಗಿತ್ತು.

ಒಂದು ಗೆರೆ ತಲೆಯೆತ್ತಿತು. ನಿದ್ದೆಯಿಂದ ಏಳುವವರಂತೆ ಮೊದಲು ಸ್ವಲ್ಪ, ಆಮೇಲೆ ಸರಸರನೆ. ಉಳಿದವು ಇನ್ನೂ ಮಲಗಿಯೇ ಇದ್ದವು. ಆ ಗೆರೆಯ ಪಕ್ಕದಲ್ಲಿ ಮೂವತ್ತೇಳು ಎಂದಿತ್ತು.

"ಎದ್ದಾ!" ಎಂದು ಕೂಗಿದವನು ಲೆಕ್ಕದ ಸರ್. ತಾನೇ ಸೋತದ್ದು ಅವನಿಗೆ ಆ ಕ್ಷಣ ನೆನಪಿರಲಿಲ್ಲ.

ಮೇಡಂ ಲಕೋಟೆಗಳನ್ನು ಒಡೆದು ಓದಿದರು. ಅವನ ಚೀಟಿಯಲ್ಲಿ 'ಮೂವತ್ತೇಳು ಏಳುವುದಿಲ್ಲ. ಎದ್ದರೂ ಎಲ್ಲರಿಗಿಂತ ಕೊನೆಗೆ' ಎಂದಿತ್ತು. ಅವಳ ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ 'ಮೂವತ್ತೇಳು ಮೊದಲು ಏಳುತ್ತದೆ. ಏಳದಿದ್ದರೆ ನನ್ನ ಕೈ' ಎಂದಿತ್ತು. ಕೊನೆಯ ಎರಡು ಪದಗಳನ್ನು ಮೇಡಂ ಮೆಲ್ಲಗೆ ಓದಿದರು.

ಲೆಕ್ಕದ ಸರ್ ಮೂಲೆ ಸರಿಪಡಿಸಿ ಜಾಣನಿಗೆ ಮತ್ತೆ ಲೆಕ್ಕ ಕೊಟ್ಟ. ಮಧ್ಯಾಹ್ನ ಎರಡಕ್ಕೆ ಉತ್ತರ ಬಂತು: ನಾನೂರ ಒಂಬತ್ತು. ತಂತಿ ಹೇಳಿದ್ದು ನಾನೂರ ಹನ್ನೆರಡು. "ಮೂರು ಡಿಗ್ರಿ ವ್ಯತ್ಯಾಸ ನನ್ನ ಬೆಸುಗೆಗೂ ಇರತ್ತೆ ಸರ್, ಅದನ್ನ ಜಾಣನ ತಲೆಗೆ ಕಟ್ಬೇಡಿ" ಎಂದಳು ಅವಳು.

"ಕಟ್ಟಲ್ಲ ಬಿಡಿ. ಪಾಪ, ಅವನಿಗೆ ದಾರಿ ತಪ್ಪು ಹೇಳಿ, ಮನೆ ಸಿಗ್ಲಿಲ್ಲ ಅಂತ ನಿಮ್ಮ ತಂತಿಗೆ ಬೈದೆ ನಾನು."

ವರದಿಯಲ್ಲಿ ಮೇಡಂ ಹಳೆಯ ಉತ್ತರವನ್ನು ಅಳಿಸಲು ಬಿಡಲಿಲ್ಲ. ತಪ್ಪು ಮೂಲೆಯ ಗೆರೆಯೂ ಇರಲಿ, ಸರಿ ಮೂಲೆಯ ಗೆರೆಯೂ ಇರಲಿ, ನಡುವೆ ಆ ಒಂದೇ ಕಡ್ಡಿಯ ಪ್ರಯೋಗದ ಕಥೆ ಇರಲಿ ಎಂದರು. ಎರಡು ಚೀಟಿಗಳೂ ವರದಿಯ ಕೊನೆಯಲ್ಲಿ ಹಾಗೇ ಅಚ್ಚಾದವು. ಮೂರಕ್ಕೆ ಐದು ನಿಮಿಷ ಇರುವಾಗ ವರದಿ ಮುಗಿಯಿತು. ತಂತಿಯಕ್ಕ ನೋಟುಪುಸ್ತಕದಲ್ಲಿ ಮೂವತ್ತೇಳರ ಪುಟ ತೆರೆದು 'ಬದುಕಿದೆ' ಎಂದು ಬರೆದಳು. ಮೂಲ ನಕ್ಷೆಯನ್ನು ಜೆರಾಕ್ಸಿಗೆ ಕೊಡುವ ಮೊದಲು ನಾಲ್ಕೂ ಅಂಚಿನಲ್ಲಿ, ಜೊತೆಗೆ ನಟ್ಟನಡುವೆ, ಬೆರಳುದ್ದದ ಅಕ್ಷರಗಳಲ್ಲಿ 'ಕೆಳಗಿನಿಂದ ನೋಡಿದಂತೆ' ಎಂದು ಬರೆದಳು. ನಕ್ಷೆ ತಾತನಿಗೆ ಫೋನು ಮಾಡಿ ಭಾನುವಾರ ಚಹಾಕ್ಕೆ ಕರೆದಳು.

ಆ ಸಂಜೆ ಅವಳು ಗಂಡನ ಅಂಗಡಿಗೆ ಬಂದಾಗ ಕುರ್ಚಿಯಲ್ಲಿ ಲೆಕ್ಕದ ಸರ್ ಕೂತಿದ್ದ. ಕಿವಿ ಮೊದಲ ಬಾರಿಗೆ ಬೆಳಕು ಕಂಡಿತ್ತು. ಅತ್ತೆ ಬೆಂಚಿನ ತುದಿಯಿಂದ, "ಇಷ್ಟು ಲಕ್ಷಣವಾದ ಮುಖ ಒಳಗೇ ಇಟ್ಕೊಂಡಿದ್ಯಲ್ಲಪ್ಪ" ಎನ್ನುತ್ತಿದ್ದರು.

"ಬೈತಲೆ ಯಾವ ಕಡೆ ತೆಗೀಲಿ ಸರ್?" ಎಂದು ಗಂಡ ಕೇಳಿದ.

"ಎಡಕ್ಕೆ" ಎಂದ ಲೆಕ್ಕದ ಸರ್. ತಕ್ಷಣ ಕೈಯೆತ್ತಿ ಬಾಚಣಿಗೆಯನ್ನು ತಡೆದ. ಕನ್ನಡಿಯಲ್ಲಿ ತಂತಿಯಕ್ಕನನ್ನು ನೋಡಿ, ತನ್ನ ತಲೆಯ ಎಡಗಡೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಇಲ್ಲಿ. ಈ ಜಾಗದಲ್ಲಿ. ಬೇಕಾದ್ರೆ ಬರೆದು ಲಕೋಟೇಲಿ ಹಾಕಿ ಕೊಡ್ತೀನಿ."